ಕಾಪಿ ತಪ್ಪಿಸಲು ಕೂತ ಮೇಷ್ಟ್ರು

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನನ್ನ ಜೊತೆಗಿದ್ದ ಹಿರಿಯ ಮೇಷ್ಟ್ರೊಬ್ಬರು ಊಟದ ಹೊತ್ತಿಗೂ ಲ್ಯಾಬ್ ಬಿಟ್ಟು ಬರುತ್ತಿರಲಿಲ್ಲ. ನೆಟ್‌ವರ್ಕಿಗೆ ಡೇಟಾ ಕಳಿಸುವ ಮುಂಚೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ, ಯಾರು ಬೇಕಾದರೂ ತಿದ್ದಿ ಕಳಿಸಬಹುದಾದ ಕರ್ನಲ್ ಅದನ್ನು ಮೆಮೊರಿಯಲ್ಲಿ ಸುಮ್ಮನೆ ಒಂದೆರಡು ಸಲ ಕಾಪಿ ಮಾಡಿಕೊಳ್ಳುತ್ತದೆ. ಆ ಕಾಪಿ ತಪ್ಪಿಸಲು ಮೇಷ್ಟ್ರು ಎರಡು ವರ್ಷದಿಂದ ಒಬ್ಬರೇ ಕೋಡ್ ಬರೆಯುತ್ತಿದ್ದರು. ಎಲ್ಲಿಗೆ ಬಂತು ಎಂದು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಾ, "ಇನ್ನೊಂದೇ ಕಾಪಿ ಬಾಕಿ ಕಣಪ್ಪಾ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ಹೋದಾಗ ಅವರ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಅದೇ ಕೆಲಸವನ್ನು ಬೇರೆ ದೇಶದವನೊಬ್ಬ ಮುಗಿಸಿ ಕಳಿಸಿದ್ದ. ಕರ್ನಲ್ ನೋಡಿಕೊಳ್ಳುವವರು ಅವನದನ್ನೇ ಸೇರಿಸಿಕೊಂಡಿದ್ದರು.

"ಬೇಜಾರಾಯ್ತಾ ಸಾರ್?" ಅಂದೆ.

ಅವರು ಅವನ ಕೋಡನ್ನು ಒಂದೊಂದೇ ಸಾಲು ಓದುತ್ತಿದ್ದರು.

"ಇಷ್ಟು ದಿನ ಇದರ ಬಗ್ಗೆ ಮಾತಾಡೋಕೆ ಒಬ್ಬ ಇದ್ದ ಕಣಪ್ಪಾ. ನಂಗೆ ಗೊತ್ತೇ ಇರ್ಲಿಲ್ಲ," ಅಂದರು.