ಅಭಿಷೇಕದ ಕಲ್ಲು

ನಮ್ಮ ಬಿಳಿಗೆರೆಯ ಶಂಭುಲಿಂಗಯ್ಯ ಬೋರ್‌ವೆಲ್ ಲಾರಿಯಲ್ಲಿ ದುಡಿದೂ ದುಡಿದೂ ಕಿವಿ ಮಂದ ಮಾಡಿಕೊಂಡವನು. ತನಗೆ ಬೇಕಾದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಏಳು ವರ್ಷದ ಹಿಂದೆ, ಉತ್ತರದ ಕಡೆ ಯುರೇನಿಯಂ ಹುಡುಕುತ್ತಿದ್ದ ಕಂಟ್ರಾಕ್ಟರೊಬ್ಬನ ಬಳಿ ಒಂದು ವರ್ಷ ಕೆಲಸಕ್ಕಿದ್ದ. ಅಲ್ಲಿ ಕೊರೆದರೆ ಬಂಡೆಯೇ ದುಂಡನೆಯ ಕೋಲಾಗಿ ಮೇಲೆ ಬರುತ್ತಿತ್ತಂತೆ. ಸೂಪರ್‌ವೈಸರ್ ಅದರ ಮೇಲೊಂದು ಮಿಷಿನ್ ಆಡಿಸಿ, ಚಟಚಟ ಸದ್ದು ಬಂದ ತುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಡಿಸುತ್ತಿದ್ದ. ಇಷ್ಟು ಜೋಪಾನ ಮಾಡುವ ಕಲ್ಲು ಬೆಲೆಯುಳ್ಳದ್ದೇ ಇರಬೇಕೆಂದು ಇವನು ಗೇಣುದ್ದದ ಒಂದು ಕರಿ ತುಂಡನ್ನು ಬ್ಯಾಗಿಗೆ ಸೇರಿಸಿಕೊಂಡು ಬಂದ.

ಹೆಂಡತಿ ಪುಟ್ಟಗಂಗಮ್ಮನ ಕಣ್ಣಿಗೆ ಅದು ಲಿಂಗವಾಗಿ ಕಂಡಿತು. ಅಷ್ಟು ನುಣುಪಾಗಿದ್ದರೆ ಯಾರಿಗೆ ಕಾಣದು? ದೇವರ ಗೂಡಿನಲ್ಲಿ ನಿಲ್ಲಿಸಿ ದಿನಾ ಎಳನೀರಿನ ಅಭಿಷೇಕ ಮಾಡಿ, ಅದನ್ನೇ ತೀರ್ಥವಾಗಿ ಕೊಡುತ್ತಿದ್ದಳು. ಎದುರುಮನೆಯ ನಾನೂ ಎಷ್ಟೋ ಸಲ ಅಂಗೈ ಒಡ್ಡಿದ್ದೇನೆ. ಸೊಸೆ ಶಿಲ್ಪ ಬಸುರಿಯಾದಾಗ ಅವಳಿಗೆ ಲೋಟದ ತುಂಬ. ಎರಡು ಬಸಿರು ನಿಲ್ಲಲಿಲ್ಲ. ಪೂಜೆ ಸಾಲದೆಂದು ಪುಟ್ಟಗಂಗಮ್ಮ ಕಲ್ಲನ್ನು ರಾತ್ರಿಯಿಡೀ ಎಳನೀರಿನಲ್ಲಿ ನೆನೆಸಿಡತೊಡಗಿದಳು.

ಈ ವರ್ಷ ಮೂರನೆಯದಕ್ಕೆ ನಾಲ್ಕು ತಿಂಗಳಾಗಿತ್ತು. ಶಂಭುಲಿಂಗಯ್ಯನ ಹಳೆಯ ಜೊತೆಗಾರ ಫೋನ್ ಮಾಡಿದ. ಗಣಿ ಬೇಡವೆಂದು ಅಲ್ಲಿಯ ಹೆಂಗಸರು ರಸ್ತೆಗೆ ಅಡ್ಡ ಕೂತಿದ್ದಾರೆ, ಬಾವಿಯ ನೀರಿಗೂ ಹೊಟ್ಟೆಯ ಕೂಸಿಗೂ ಹೆದರಿದ್ದಾರೆ, ಆ ಕಲ್ಲಿನ ಧೂಳೂ ಮೈಯೊಳಗೆ ಹೋಗಬಾರದಂತೆ ಎಂದ. ಇವನಿಗೆ ಅನ್ನ ಸೇರಲಿಲ್ಲ. ಕೆರೆಗೆ ಹಾಕಿದರೆ ಊರು ಕುಡಿಯುತ್ತದೆ, ತೋಟದಲ್ಲಿ ಹೂತರೆ ತೆಂಗಿನ ಬೇರು ಹೀರುತ್ತದೆ ಎಂದು ನನ್ನ ಮುಂದೆ ಒದ್ದಾಡಿದ. ಕಲ್ಲು ಹಾಳಾಗಲಿ, ಮೊದಲು ಮನೆಯಲ್ಲಿ ಹೇಳು ಎಂದು ಬೈದೆ. ಆ ತೀರ್ಥವನ್ನು ನಾನೂ ಕುಡಿದವನೇ.

ಮರುದಿನ ಬೆಳಿಗ್ಗೆ ಅವನು ಶಿಲ್ಪಳ ಕೈಯಿಂದ ಲೋಟ ಕಿತ್ತು ಅಂಗಳಕ್ಕೆ ಚೆಲ್ಲಿ, ಎಲ್ಲ ಹೇಳಿದ. ಪುಟ್ಟಗಂಗಮ್ಮ ಅಳಲಿಲ್ಲ.

"ಹಂಗಾರೆ ಹೋದ ಎರಡನ್ನೂ ನಾನೇ ಕೊಂದ್ನಾ?"

"ಗೊತ್ತಿಲ್ಲ ಕಣೇ."

ತಿಪಟೂರಿನ ಡಾಕ್ಟರೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹೌದೆಂದಿದ್ದರೆ ಪುಟ್ಟಗಂಗಮ್ಮ ಅತ್ತು ಹಗುರಾಗುತ್ತಿದ್ದಳೇನೋ. ಕಲ್ಲನ್ನು ಶಂಭುಲಿಂಗಯ್ಯ ಡಬ್ಬದಲ್ಲಿ ಮುಚ್ಚಿ ತುಮಕೂರಿನ ಗಣಿ ಇಲಾಖೆಯ ಕಚೇರಿಗೆ ಒಪ್ಪಿಸಿ ಬಂದ.

ಶಿಲ್ಪಳಿಗೀಗ ಎಂಟು ತಿಂಗಳು. ಮೊನ್ನೆ ನಾನು ಅವರ ಜಗಲಿಯಲ್ಲಿದ್ದಾಗ ಅವಳಿಗೆ ಬಿಕ್ಕಳಿಕೆ ಹತ್ತಿ, ನೀರು ಕೇಳಿದಳು. ಪುಟ್ಟಗಂಗಮ್ಮ ಲೋಟ ತುಂಬಿಕೊಂಡು ಓಡಿ ಬಂದವಳು ಸೊಸೆಯ ಎದುರು ನಿಂತುಬಿಟ್ಟಳು. ಆಮೇಲೆ ಲೋಟವನ್ನು ನನ್ನತ್ತ ಚಾಚಿದಳು.

"ನೀನು ಕೊಡಪ್ಪ. ನನ್ನ ಕೈಯಿಂದ ಬ್ಯಾಡ."