ಬನಹಟ್ಟಿ ಮಾಮಾ ಮತ್ತು ಜಪಾನಿನ ಮೀಸೆ

ಕಳೆದ ರವಿವಾರ ಬೆಳಿಗ್ಗೆ ನನ್ನ ಹೆಂಡತಿ ಕಸ್ತೂರಿ ಮೂರು ಸಲ ಸತ್ತಳು.

ಗಾಬರಿಯಾಗಬೇಡಿ, ಸತ್ತದ್ದು ಟಿವಿಯಲ್ಲಿ. ಮಗಳ ಹೆಸರು ಹೇಳಿ ತಂದ ವಿಡಿಯೊ ಗೇಮ್ ಈಗ ಕಸ್ತೂರಿಯ ಪಾಲಾಗಿದೆ. (ಅವಳು ರೊಟ್ಟಿ ತಟ್ಟುವಾಗ ಮಾತ್ರ ಮಗಳ ಕೈಗೆ ಸಿಗುತ್ತದೆ.) ಜಪಾನಿನವರು ಮಾಡಿದ ಆಟ. ಟೋಪಿ ಹಾಕಿದ, ದಪ್ಪ ಮೀಸೆಯ ನಲ್ಲಿ ರಿಪೇರಿಯವನೊಬ್ಬ ಓಡುತ್ತಾನೆ, ಹಾರುತ್ತಾನೆ, ಗುಂಡಿಗೆ ಬೀಳುತ್ತಾನೆ. ನಮ್ಮ ಜಮಖಂಡಿಯಲ್ಲಿ ನಲ್ಲಿ ರಿಪೇರಿಗೆ ಕರೆದರೆ ಎಂಟು ದಿನ ಪತ್ತೆ ಇರುವುದಿಲ್ಲ. ಇವನು ನೋಡಿದರೆ ನಿಲ್ಲುವುದೇ ಇಲ್ಲ!

ಅಂಥ ಹೊತ್ತಿನಲ್ಲಿ ಬಂದರು ಈರಪ್ಪ ಮಾಮಾ. ನನ್ನ ತಾಯಿಯ ತಮ್ಮ, ಬನಹಟ್ಟಿಯವರು. ಸೀರೆಯ ದಡಿಗೆ, ಸೆರಗಿಗೆ ನಕ್ಷೆ ಬಿಡಿಸುವುದು ಅವರ ಮೂವತ್ತು ವರ್ಷಗಳ ಕಸುಬು. ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕ ತುಂಬುತ್ತ ನವಿಲು ಮೂಡಿಸುತ್ತಾರೆ. ಆ ಹಾಳೆಯ ಪ್ರಕಾರ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ, ಆ ತೂತುಗಳ ಪ್ರಕಾರ ಮಗ್ಗ ನೇಯುತ್ತದೆ.

ಆವತ್ತು ಮಾಮಾನ ಮುಖ ಗಂಟು ಹಾಕಿಕೊಂಡಿತ್ತು. ಅವರ ಸಾವುಕಾರರು ನಕ್ಷೆ ಬಿಡಿಸಲು ಕಂಪ್ಯೂಟರ್ ತರಿಸಿದ್ದಾರಂತೆ. ಸೋಮವಾರದಿಂದ ಕಲಿಯಲು ಕೂತುಕೊಳ್ಳಿ, ಆಗದಿದ್ದರೆ ಹೇಳಿಬಿಡಿ, ಬೇರೆಯವರನ್ನು ನೋಡುತ್ತೇವೆ ಎಂದಿದ್ದಾರಂತೆ. ಈ ವಯಸ್ಸಿನಲ್ಲಿ ಆ ಪೆಟ್ಟಿಗೆಯ ಮುಂದೆ ಕೂತು ನಾಲ್ಕು ಜನರ ಎದುರು ನಗೆಪಾಟಲಾಗುವುದೇ? ಅದಕ್ಕಿಂತ ಕೆಲಸ ಬಿಡುವುದೇ ವಾಸಿ ಎಂದು ಮಾಮಾ ನಿಶ್ಚಯಿಸಿದ್ದರು. ನಾನು ಆಫೀಸಿನವನಲ್ಲವೇ, ಚೊಕ್ಕ ಭಾಷೆಯಲ್ಲಿ ಒಂದು ರಾಜೀನಾಮೆ ಬರೆದುಕೊಡಬೇಕಂತೆ.

ನನಗೆ ಸಂಕಟವಾಯಿತು. ನಕ್ಷೆ ಬಿಟ್ಟರೆ ಈ ಮನುಷ್ಯ ದಿನವಿಡೀ ಏನು ಮಾಡಿಯಾನು? ಆದರೂ ಪೆನ್ನು ತೆಗೆದೆ. (ಆಫೀಸಿನವರಿಗೆ ಬೇಗ ಹೊಳೆಯುವುದು ಅದೊಂದೇ.) 'ಮಾನ್ಯರೇ' ಎಂದು ಬರೆದು ತಲೆ ಎತ್ತಿದರೆ ಎದುರಿಗೆ ಮಾಮಾ ಇಲ್ಲ. ಟಿವಿಯಿಂದ ಒಂದು ಗೇಣು ದೂರದಲ್ಲಿ ಕನ್ನಡಕ ಸರಿಮಾಡಿಕೊಳ್ಳುತ್ತ ನಿಂತಿದ್ದಾರೆ. ಕಸ್ತೂರಿ ನಾಚಿ ಬಂದ್ ಮಾಡಲು ಹೋದರೆ ಕೈ ಅಡ್ಡ ಹಿಡಿದರು.

"ಇರ್ಲಿ ಯವ್ವಾ. ಇವನ್ನ ಒಂದೀಟು ನಿಂದರಸು."

ಅವಳು ನಿಲ್ಲಿಸಿದಳು. ಮಾಮಾ ಗಾಜಿನ ಮೇಲೆ ಬೆರಳಿಟ್ಟು ಎಣಿಸತೊಡಗಿದರು.

"ಹದಿನಾರ ಚೌಕದ ಎತ್ತರದಾಗ ಮನಷ್ಯಾನ್ನ ಕೂಡ್ಸ್ಯಾನ. ಬಾಯಿ ಬರೀಲಾಕ ಜಾಗಾ ಸಾಲಿಲ್ಲ, ಅದಕ್ಕ ಮೀಸಿ ಇಟ್ಟಾನ. ಕೂದಲಾ ಬರಿಯೂದು ತ್ರಾಸ, ಅದಕ್ಕ ಟೊಪಗಿ."

ನಾನು ದಂಗಾದೆ. ಇದೇ ಮಾತನ್ನು ಹೋದ ತಿಂಗಳು ಒಂದು ಇಂಗ್ಲಿಷ್ ಮ್ಯಾಗಝಿನ್‌ನಲ್ಲಿ ಓದಿದ್ದೆ. ಹೆಂಡತಿಯ ಎದುರು ಜಂಬ ಕೊಚ್ಚಿಕೊಳ್ಳಲು ಕಾದಿರಿಸಿಯೂ ಇದ್ದೆ. ಈ ಮೀಸೆಯವನು ಮೊಟ್ಟಮೊದಲು ಬಂದ ಹಳೆಯ ಆಟದಲ್ಲಿ ಇದ್ದದ್ದು ಒಂದೇ ಪರದೆಯಂತೆ. ಮೇಲೆ ನಿಂತ ದೊಡ್ಡ ಕೋತಿ ಪೀಪಾಯಿ ಉರುಳಿಸುತ್ತದೆ, ಕೆಳಗಿನಿಂದ ಇವನು ಹಾರಿ ಹಾರಿ ತಪ್ಪಿಸಿಕೊಳ್ಳಬೇಕು. ಗೊಂಬೆ ಎಷ್ಟು ಚಿಕ್ಕದೆಂದರೆ ಮುಖ ಬರೆಯಲು ಜಾಗವಿಲ್ಲ. ಅದಕ್ಕೇ ಟೋಪಿ, ಅದಕ್ಕೇ ಮೀಸೆ. ಓಡುವಾಗ ಕೈ ಬೀಸುವುದು ಕಾಣಬೇಕೆಂದು ತೋಳಿಗೆ ಬೇರೆ ಬಣ್ಣ. ತೋಳಿನ ವಿಷಯ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅದನ್ನೂ ಮಾಮಾ ಹೇಳಿ ಮುಗಿಸಿದ್ದರು!

ಕಸ್ತೂರಿ ಮತ್ತೆ ಓಡಿಸಿದಳು. ಪರದೆ ಜೊತೆಯಲ್ಲೇ ಸರಿಯತೊಡಗಿತು. ಮಾಮಾ ಮೆಲ್ಲಗೆ ನಕ್ಕರು. ಮೇಲಿನ ಮೋಡ, ಕೆಳಗಿನ ಪೊದೆ ಎರಡೂ ಒಂದೇ ನಕ್ಷೆಯಂತೆ, ಬಣ್ಣ ಮಾತ್ರ ಬೇರೆ. ಕಾರ್ಡು ಉಳಿಸುವ ಈ ಕಸರತ್ತು ತಮಗೂ ಗೊತ್ತು ಎಂದರು. ಇದು ನನ್ನ ಮ್ಯಾಗಝಿನ್‌ನಲ್ಲಿ ಇರಲಿಲ್ಲ. ಕಸ್ತೂರಿ ಆ ಮೋಡಗಳ ಕೆಳಗೆ ಸಾವಿರ ಸಲ ಸತ್ತಿದ್ದಾಳೆ, ಅವಳಿಗೂ ಕಂಡಿರಲಿಲ್ಲ.

ಅವಳಿಗೂ ಹುರುಪು ಬಂತು. ಮುಂದಿನ ಆಟದ ಕ್ಯಾಸೆಟ್ ಹಾಕಿದಳು. ಇದರಲ್ಲಿ ಅದೇ ಮೀಸೆಯವನಿಗೆ ಬಾಲ ಬರುತ್ತದೆ, ಆಕಾಶಕ್ಕೂ ಹಾರುತ್ತಾನೆ. ಈಚಿನ ಆಟದಲ್ಲಂತೂ ನಾಲ್ಕೂ ದಿಕ್ಕಿಗೆ ತಿರುಗುತ್ತಾನಂತೆ, ಬಾಯಿ ತೆರೆದು ಕೂಗುತ್ತಾನಂತೆ ಎಂದು ನಾನೂ ಓದಿದ್ದನ್ನು ಸೇರಿಸಿದೆ. ಈಗ ಜಾಗ ಬೇಕಾದಷ್ಟಿದೆಯಲ್ಲ, ಮತ್ತೆ ಮೀಸೆ ತೆಗೆದರೋ ಎಂದು ಮಾಮಾ ಕೇಳಿದರು. ಇಲ್ಲ ಎಂದೆ.

"ಹೆಂಗ ತಗದಾರಪಾ? ಮಂದಿ ಕಣ್ಣಾಗ ಕೂತಬಿಟ್ಟೈತಿ."

ಚಹಾ ಬಂತು. ಅರ್ಧ ಕುಡಿದು ಮಾಮಾ ಲೋಟ ಕೆಳಗಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

"ಆ ಕಂಪ್ಯೂಟರಿನ್ಯಾಗೂ ಹಿಂಗ ಚೌಕ ಇರತಾವೇನು?"

ಇರುವುದೇ ಅದು ಎಂದೆ.

"ಮತ್ತ ಅಷ್ಟ ಹೇಳಬಾರದ ಅವರು?"

ನನ್ನ 'ಮಾನ್ಯರೇ' ಅಲ್ಲಿಗೇ ನಿಂತಿತು.

ಸೋಮವಾರ ಮಾಮಾ ಹೋದರು. ಕಲಿಸಲು ಬಂದ ತರುಣ ಕ್ಷಣದಲ್ಲಿ ಒಂದು ನವಿಲು ಬಿಡಿಸಿ ತೋರಿಸಿದನಂತೆ. ಚೆಂದವಿದೆ, ಆದರೆ ಬಾಲದ ಹತ್ತಿರ ಎಳೆ ಇಷ್ಟುದ್ದ ಸಡಿಲ ಬಿದ್ದರೆ ಉಟ್ಟವಳ ಬಳೆಗೆ ಸಿಕ್ಕು ಕಿತ್ತುಬರುವುದಿಲ್ಲವೇ ಎಂದು ಇವರು ಕೇಳಿದರಂತೆ. ತರುಣನಿಗೆ ಸೀರೆಯ ಸುದ್ದಿಯೇ ಗೊತ್ತಿಲ್ಲ. ಈಗ ಮೌಸ್ ಅವನ ಕೈಯಲ್ಲಿ, ಮಾತು ಮಾಮಾನದು. ಇನ್ನು ಸ್ವಲ್ಪ ದಿನಕ್ಕೆ ಮೌಸೂ ಇವರ ಕೈಗೆ ಬರುತ್ತದೆ, ನನಗೆ ಅನುಮಾನವಿಲ್ಲ. ಸುದ್ದಿ ಕೇಳಿ ಕಸ್ತೂರಿ ಸಂತೋಷಕ್ಕೆ ಶಿರಾ ಮಾಡಿದಳು.

ಶಿರಾ ತಿಂದೆ. ಎರಡನೇ ಸಲ ಬಡಿಸಲು ಬಂದರೆ ಬೇಡವೆಂದೆ. ನಮ್ಮ ಆಫೀಸಿಗೂ ಮುಂದಿನ ತಿಂಗಳು ಕಂಪ್ಯೂಟರ್ ಬರುತ್ತಿದೆ. ಅದರ ವಿರುದ್ಧ ನಡೆದ ಮೀಟಿಂಗಿನಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದವನು ನಾನೇ.

ಅದು ನನ್ನ ಕೆಲಸ ಕಿತ್ತುಕೊಳ್ಳುತ್ತದೆ ಎಂದು ಕೂಗಿದೆನಲ್ಲ, ಅಸಲಿಗೆ ಮಾಮಾನಿಗೆ ನಕ್ಷೆ ಬರುವ ಹಾಗೆ ಆ ಕೆಲಸ ನನಗೆ ಬರುತ್ತದೆಯೇ?