ಅಕ್ಕನ ಕೈಸನ್ನೆಯ ಇಂಗ್ಲಿಷ್

ನಾನು ಓದು ನಿಲ್ಲಿಸಿದ್ದು ೧೯೫೭ರಲ್ಲಿ. ಅಪ್ಪನ ಕಿವಿ ಪೂರ್ತಿ ಹೋದದ್ದೂ ಅದೇ ವರ್ಷ. ಭದ್ರಾವತಿಯ ಓಲ್ಡ್ ಟೌನಿನ ಅಂಚಿನಲ್ಲಿ ಕಬ್ಬಿಣದ ನೀರಿನ ಟ್ಯಾಂಕು ಮಾಡುವ ಒಂದು ತಗಡಿನ ಶೆಡ್ಡಿತ್ತು. ಹೊರಗಿನಿಂದ ಒಬ್ಬ ಸುತ್ತಿಗೆಯಲ್ಲಿ ರಿವೆಟ್ ಮೊಳೆ ಬಡಿಯುವಾಗ, ಟ್ಯಾಂಕಿನ ಹೊಟ್ಟೆಯೊಳಗೆ ಕೂತು ದಪ್ಪ ಕಬ್ಬಿಣದ ತುಂಡೊಂದನ್ನು ಅದಕ್ಕೆ ಒತ್ತಿ ಹಿಡಿಯುವುದು ಅಪ್ಪನ ಕೆಲಸವಾಗಿತ್ತು. ಅವರನ್ನು ಕಡಿಮೆ ಸಂಬಳದ ಕಾವಲಿಗೆ ಹಾಕಿದ ಮೇಲೆ ಮನೆಗೆ ಇನ್ನೊಂದು ಸಂಬಳ ಬೇಕಾಯಿತು. ನಾನು ಅಲ್ಲೇ ಕಬ್ಬಿಣ ಕಡೆಯುವ ಲೇತಿಗೆ ನಿಂತೆ. ಓದು ಬಿಟ್ಟೆನೆಂದು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ ನಾನು. ಮೊನ್ನೆ ಮೊಮ್ಮಗಳು ಅಡುಗೆಮನೆಯಲ್ಲಿ ಚಮಚವೊಂದನ್ನು ಬೀಳಿಸಿದಳು. ಟಿಣ್ ಎಂದು ನೆಲಕ್ಕೆ ತಾಗಿ, ಒಂದೆರಡು ಸಲ ನಡುಗಿ ಸುಮ್ಮನಾಯಿತು. ಕೂತಲ್ಲೇ ಹಿಂತಿರುಗಿ ನೋಡಿದೆ. ಹಿಂದೆ ಅಪ್ಪ ನಿಂತಿರಬಹುದು ಅನ್ನಿಸಿತ್ತು.

ಎರಡು ಕೋಣೆಯ ಮನೆ ನಮ್ಮದು. ಬೆಳಿಗ್ಗೆ ವಿಭೂತಿಯ ತಣ್ಣನೆಯ ವಾಸನೆ, ಆಮೇಲೆ ರೊಟ್ಟಿ ಸುಡುವ ವಾಸನೆ, ಸಂಜೆಗೆ ನನ್ನ ಅಂಗಿಯಿಂದ ಏಳುವ ಕಬ್ಬಿಣದ ಪುಡಿ ಮತ್ತು ಎಣ್ಣೆಯ ವಾಸನೆ. ಅಪ್ಪನ ಜೊತೆ ಕೂಗಿ ಮಾತಾಡಿ ಸೋತು, ನಾವೆಲ್ಲ ಕೈಯಲ್ಲೇ ಮಾತಾಡುವುದನ್ನು ರೂಢಿಸಿಕೊಂಡಿದ್ದೆವು. ನೀರಿಗೆ ಒಂದು ಸನ್ನೆ, ನೆಂಟರಿಗೆ ಒಂದು, ಸಿಟ್ಟಿಗೆ ಒಂದು. ‘ಇವರ ಮನೇಲಿ ಜಗಳ ಆದ್ರೂ ಕೇಳೋದು ಬಳೆ ಸದ್ದು ಮಾತ್ರ’ ಎಂದು ಪಕ್ಕದ ಮನೆಯ ಸರೋಜಮ್ಮ ನಗುತ್ತಿದ್ದರು. ಅವರು ಮದರಾಸಿನ ಕಡೆಯವರು, ಊರಿನ ಕಬ್ಬಿಣದ ಕಾರ್ಖಾನೆಯ ಫಿಟ್ಟರೊಬ್ಬರ ಹೆಂಡತಿ, ಇಂಗ್ಲಿಷಿನಲ್ಲಿ ಓದಿದವರು.

ಅಕ್ಕ ಗಿರಿಜ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆಂದು ಸುದ್ದಿ ತಂದವರೂ ಸರೋಜಮ್ಮನೇ. ಅಕ್ಕನಿಗೆ ಆ ಕೆಲಸದ ಮೇಲೆ ಬಹಳ ಆಸೆ ಹುಟ್ಟಿತು. ಅಪ್ಪ ಮಾತ್ರ ಒಪ್ಪಲಿಲ್ಲ. ತಮ್ಮ ದನಿ ತಮಗೇ ಕೇಳದ್ದರಿಂದ ಅವರು ಮಾತಾಡಿದರೆ ಇಡೀ ಬೀದಿಗೆ ಕೇಳುತ್ತಿತ್ತು: ‘ದಿನವಿಡೀ ಕಿವಿಗೆ ಯಂತ್ರ ಕಟ್ಕೊಂಡು ಕೂರೋ ಕೆಲಸ ಬೇಡ. ಈ ಮನೇಲಿ ನನ್ನ ಕಿವಿ ಹೋಗಿದ್ದೇ ಸಾಕು!’

ಅಕ್ಕ ಎದುರಾಡಲಿಲ್ಲ, ಆ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪಾಠವನ್ನೂ ಬಿಡಲಿಲ್ಲ. ಸಂಜೆ ಅಕ್ಕಿ ಆರಿಸುತ್ತ ಸರೋಜಮ್ಮ ಹೇಳಿಕೊಡುತ್ತಿದ್ದರು. ‘ದೊಡ್ಡ ಪದ ಎಲ್ಲ ಬಿಡು ಗಿರಿಜಾ. ಇಂಗ್ಲಿಷಿನೋರು ದಿನಾ ಆಡೋದು ಪುಟ್, ಗೆಟ್, ರನ್, ಅಷ್ಟೆ. ಹಿಂದೆ ಯಾವ ಬಾಲ ಕಟ್ಟಿದ್ದಾರೆ ನೋಡು. ಪುಟ್ ಆನ್ ಅಂದ್ರೆ ತೊಟ್ಕೊಳ್ಳೋದು, ಪುಟ್ ಔಟ್ ಅಂದ್ರೆ ದೀಪ ಆರಿಸೋದು. ಕೆಲವಕ್ಕೆ ಎರಡು ಬಾಲ. ಪುಟ್ ಅಪ್ ವಿತ್ ಅಂದ್ರೆ ಸಹಿಸ್ಕೊಳ್ಳೋದು.’

ಅಮ್ಮ ಒಲೆಯ ಮುಂದಿನಿಂದಲೇ, ‘ಅದರಲ್ಲೇನು ಹೆಚ್ಚುಗಾರಿಕೆ? ನಮ್ಮಲ್ಲೂ ಬಿಟ್ಟುಕೊಡೋದು ಬೇರೆ, ಬಿಟ್ಟುಹಾಕೋದು ಬೇರೆ. ಈ ಮನುಷ್ಯನ ಜೊತೆ ನಾನು ಮಾಡ್ತಿರೋದು ಆ ಪುಟ್ ಅಪ್ ವಿತ್ತೇ’ ಎಂದು ಅಪ್ಪನತ್ತ ಕಣ್ಣು ತೋರಿಸಿದರು. ತಮ್ಮ ಮಾತೇ ಬಂತೆಂದು ಅಪ್ಪನಿಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ‘ಏನಂತೆ, ಏನಂತೆ?’ ಎಂದು ಕೂಗಿದರು.

ಅಪ್ಪನಿಗೆ ಹೇಳುವ ಸಲುವಾಗಿಯೇ ಅಕ್ಕ ಪ್ರತಿ ಬಾಲಕ್ಕೂ ಒಂದು ಸನ್ನೆ ಮಾಡಿದಳು. ಆನ್‌ಗೆ ಅಂಗೈ ಮೇಲೆ ಅಂಗೈ. ಆಫ್‌ಗೆ ಅದನ್ನು ಚಕ್ಕನೆ ಎತ್ತುವುದು. ಔಟ್‌ಗೆ ಮಡಿಲು ಕೊಡವುವುದು. ಥ್ರೂಗೆ ಸೊಂಟದ ಮೇಲೆ ಕೈಯಿಟ್ಟು, ಆ ಸಂದಿಯಲ್ಲಿ ಇನ್ನೊಂದು ಕೈಯನ್ನು ಆಚೆಗೆ ತೂರಿಸುವುದು. ಟು ಬಂದರೆ ಎದುರಿಗಿದ್ದವರತ್ತ ಬೆರಳು ತೋರುವುದು. ಎಕ್ಸ್‌ಚೇಂಜಿನಲ್ಲಿ ಒಬ್ಬರ ಲೈನನ್ನು ಇನ್ನೊಬ್ಬರಿಗೆ ಸೇರಿಸುವುದಕ್ಕೆ ‘ಪುಟ್ ಥ್ರೂ ಟು’ ಎನ್ನುತ್ತಾರಂತೆ. ಆ ಸನ್ನೆ ಅಪ್ಪನಿಗೆ ಬಹಳ ಹಿಡಿಸಿತು. ಬೇಡ ಬೇಡ ಎನ್ನುತ್ತಲೇ, ಚೊಂಬನ್ನು ಕಿವಿಗೆ ಹಿಡಿದು ಅಕ್ಕ ಅಭ್ಯಾಸ ಮಾಡುವಾಗ ಕಂಬಕ್ಕೊರಗಿ ಅವಳ ಕೈಯನ್ನೇ ನೋಡುತ್ತಿದ್ದರು. ಒಂದು ಬೆಳಿಗ್ಗೆ ಬೆಲ್ಲ ಮುಗಿದ ಡಬ್ಬಿ ಬಗ್ಗಿಸಿ ನೋಡಿ, ಅಕ್ಕನ ತುಟಿ ನೋಡಿ ಕಲಿತಿದ್ದಂತೆ, ‘ಬೆಲ್ಲ ರನ್ ಔಟ್ ಆಫ್!’ ಎಂದು ಬೀದಿಗೆಲ್ಲ ಕೇಳುವಂತೆ ಸಾರಿದರು. ‘ಯಾರು ಮಾರಾಯ ಔಟಾಗಿದ್ದು?’ ಎಂದು ಎದುರುಮನೆಯ ಹುಡುಗರು ಓಡಿಬಂದರು. ಅಕ್ಕ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

ಸಂದರ್ಶನಕ್ಕೆ ಕರೆ ಬಂದ ದಿನ ಅಪ್ಪ ಎದ್ದು, ಅವಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಬೆನ್ನ ಹಿಂದೆ ಒಂದು ಚಮಚ ಬೀಳಿಸಿದರು. ಅಕ್ಕ ತಿರುಗಿದಳು. ಬಾಗಿಲವರೆಗೆ ಹಿಂದೆ ಸರಿದು ಮತ್ತೆ ಬೀಳಿಸಿದರು. ಮತ್ತೆ ತಿರುಗಿದಳು. ‘ದಿನಾ ಸಂಜೆ ಹಿಂಗೇ ನೋಡ್ತೀನಿ. ತಿರುಗದೇ ಇದ್ದ ದಿನ ಕೆಲಸ ಬಿಡ್ಬೇಕು’ ಎಂದರು. ಅದೇ ಅವರ ಒಪ್ಪಿಗೆ.

ಕೆಲಸ ಸಿಕ್ಕಿತು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದಳು. ಬಂದು ಕೈಕಾಲು ತೊಳೆದು ಒಲೆಯ ಕಡೆ ತಿರುಗಿ ಕೂತರೆ, ಹಿಂದೆ ಅಪ್ಪ ಚಮಚ ಹಿಡಿದು ಬರುತ್ತಿದ್ದರು. ಆ ಸದ್ದು ಅವರಿಗೆ ಕೇಳುತ್ತಿರಲಿಲ್ಲ. ಅವಳ ಕತ್ತು ತಿರುಗುವುದಷ್ಟೇ ಅವರಿಗೆ ಕಾಣುತ್ತಿದ್ದದ್ದು. ಅದನ್ನು ಕಂಡ ಮೇಲೆಯೇ ಅವರು ಊಟಕ್ಕೆ ಕೂರುತ್ತಿದ್ದದ್ದು.

ಮಳೆಗಾಲದಲ್ಲೊಮ್ಮೆ ರೈಲು ನಿಂತು, ರಜೆಯೂ ಸಿಗದೆ ಅಕ್ಕ ಶಿವಮೊಗ್ಗದಲ್ಲೇ ಗೆಳತಿಯ ಮನೆಯಲ್ಲಿ ಉಳಿಯಬೇಕಾಯಿತು. ಮೂರನೆಯ ಸಂಜೆ, ಮೇಲಿನವರನ್ನು ಕೇಳಿಕೊಂಡು, ನಮ್ಮ ಬೀದಿಯ ಕಿರಾಣಿ ಅಂಗಡಿಗೆ ಫೋನ್ ಮಾಡಿದಳು. ನಾನು ಅಪ್ಪನನ್ನು ಕರೆದುಕೊಂಡು ಓಡಿದೆ. ‘ಕೇಳದೋರ ಕೈಗೆ ಫೋನ್ ಕೊಟ್ಟು ಏನ್ ಮಾಡ್ತೀಯ ಮಾರಾಯ!’ ಎಂದರು ಅಂಗಡಿಯವರು. ನಾನು ಫೋನನ್ನು ಕಿವಿಗೆ ಹಿಡಿದು, ಸೊಂಟದ ಮೇಲೆ ಕೈಯಿಟ್ಟು, ಮೊಳಕೈಯಿಂದಲೇ ಅಪ್ಪನತ್ತ ತೋರಿಸಿದೆ. ಯಾರ ಲೈನೆಂದು ಅಪ್ಪನಿಗೆ ತಿಳಿದುಹೋಯಿತು. ನನ್ನ ಕೈಯಿಂದ ಫೋನ್ ಕಸಿದು, ತಕ್ಕಡಿಯ ಪಕ್ಕದ ಚಿಕ್ಕ ಹಿತ್ತಾಳೆಯ ತೂಕದ ಬಟ್ಟನ್ನು ಎತ್ತಿ, ಮಾತಾಡುವ ತುದಿಗೆ ಹತ್ತಿರ ಹಿಡಿದು, ತಟ್ಟೆಗೆ ಬೀಳಿಸಿದರು. ಆಮೇಲೆ ಫೋನನ್ನು ನನಗೆ ಕೊಟ್ಟು ನನ್ನ ಮುಖವನ್ನೇ ನೋಡುತ್ತ ನಿಂತರು.

ಆ ಕಡೆಯಿಂದ ಅಕ್ಕ, ‘ತಿರುಗಿದೆ ಅಂತ ಹೇಳೋ’ ಎಂದಳು.

ನಾನು ಕತ್ತು ತಿರುಗಿಸಿ ತೋರಿಸಿದೆ. ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಮಳೆಯಲ್ಲಿ ಒದ್ದೆಯಾಗಿದ್ದ ಟವಲಿನಿಂದಲೇ ಮುಖ ಒರೆಸಿಕೊಂಡರು.

ಈಗ ಆ ಬೀದಿಯಲ್ಲಿ ನಮ್ಮ ಮನೆ ಇಲ್ಲ, ಶೆಡ್ಡೂ ಇಲ್ಲ. ಸರೋಜಮ್ಮ ಊರಿಗೆ ಮರಳಿದರು. ಲೈನುಗಳು ತಾವಾಗಿಯೇ ಸೇರಿಕೊಳ್ಳುವ ಕಾಲ ಬಂದ ಮೇಲೂ ಅಕ್ಕ ಅದೇ ಇಲಾಖೆಯಲ್ಲಿದ್ದು ನಿವೃತ್ತಳಾದಳು. ಅಪ್ಪ ಹೋದ ಮೇಲೆ ಅಮ್ಮ, ಅಮ್ಮನ ನಂತರ ಅಕ್ಕ. ಆಸ್ಪತ್ರೆಯಲ್ಲಿ ಮಾತು ನಿಂತ ಮೇಲೆ ಅಕ್ಕ ನನ್ನೊಡನೆ ಕೈಯಲ್ಲೇ ಮಾತಾಡಿದಳು. ನರ್ಸುಗಳಿಗೆ ಅರ್ಥವಾಗಲಿಲ್ಲ, ನನಗಾಯಿತು. ಆ ಸನ್ನೆಗಳನ್ನು ಬಲ್ಲವರು ನನ್ನ ಹೊರತು ಇನ್ನು ಯಾರೂ ಉಳಿದಿಲ್ಲ.

ನಾನು ದುಡಿದು ಮಾಡಿಕೊಂಡದ್ದು ಇಷ್ಟು: ಮನೆ ಒಂದು, ಲೇತ್ ಎರಡು, ಮನೆಯಲ್ಲಿ ಫೋನ್ ಮೂರು. ಇನ್ನೊಂದನ್ನು ಲೇತ್ ತಿಂದ ಮೇಲೆ, ಚೆನ್ನಾಗಿ ಕೇಳುವ ಕಿವಿ ಒಂದು.